ಯಲ್ಲಾಪುರದಲ್ಲಿ ನೆಟ್ಟಗಾದ ವ್ಯೂಫೈಂಡರ್

ಯಾವುದನ್ನಾದರೂ ಸರಿಯಾಗಿ ನೋಡಬೇಕೆಂದರೆ ನನ್ನ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಇದು ರೋಗವಲ್ಲ, ಅಭ್ಯಾಸ ಎಂದು ಕಣ್ಣಿನ ಡಾಕ್ಟರು ಹೇಳಿ ಕಳಿಸಿದ್ದಾರೆ. ಮೊನ್ನೆ ಶಿರಸಿಯ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಹುಳುಕು ಇದೆಯೋ ಇಲ್ಲವೋ ಎಂದು ಒಂದೊಂದನ್ನೇ ಎತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣಿನ ಮುಂದೆ ತಿರುಗಿಸಿ ನೋಡುತ್ತಿದ್ದೆ. ಮಾರುವ ಹೆಂಗಸು ಸೆರಗು ಸರಿಮಾಡಿಕೊಂಡು ನನ್ನ ಹೆಂಡತಿಯ ಕಡೆ ತಿರುಗಿ, “ಅಮ್ಮಾ, ಇವ್ರ ಕಣ್ಣಿಗೆ ಏನೋ ಬಿದ್ದದೆ ನೋಡಿ” ಎಂದಳು. “ಬಿದ್ದು ಇಪ್ಪತ್ತು ವರ್ಷ ಆಯ್ತು, ತೆಗೆಯೋಕೆ ಬರೋದಿಲ್ಲ” ಎಂದು ಹೆಂಡತಿ ಬದನೆಕಾಯಿಯನ್ನು ನನ್ನ ಕೈಯಿಂದ ಕಸಿದು ಚೀಲಕ್ಕೆ ಹಾಕಿದಳು. ಮನೆಗೆ ಬಂದು ಹೆಚ್ಚಿದಾಗ ಅದರಲ್ಲಿ ಹುಳುಕಿತ್ತು. ಆದರೆ ಅದನ್ನು ಎತ್ತಿ ಆಡುವಷ್ಟು ಧೈರ್ಯ ನನಗಿಲ್ಲ.

ಕಣ್ಣಿಗೆ ಬಿದ್ದದ್ದು ವಿಡಿಯೋ ಕ್ಯಾಮರಾದ ವ್ಯೂಫೈಂಡರು. ಈಗಿನವರು ಫೋನನ್ನು ಮಾರುದೂರ ಹಿಡಿದು ಎರಡೂ ಕಣ್ಣು ಬಿಟ್ಟು ಚಿತ್ರ ತೆಗೆಯುತ್ತಾರೆ. ನಮ್ಮ ಕಾಲದ ಕ್ಯಾಮರಾ ಹೆಗಲ ಮೇಲೆ ಕೂರುತ್ತಿತ್ತು. ಅದರ ಪಕ್ಕದಿಂದ ಒಂದು ಕೊಳವೆ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಕೊಳವೆಯ ಬಾಯಿಗೆ ರಬ್ಬರಿನ ಬಟ್ಟಲು, ಒಳಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಪಿಕ್ಚರ್ ಟ್ಯೂಬು. ಆ ಬಟ್ಟಲಿಗೆ ಬಲಗಣ್ಣು ಒತ್ತಿದರೆ ಅಂಚೆಚೀಟಿಯಷ್ಟು ದೊಡ್ಡ ಟೀವಿ ಕಾಣುತ್ತಿತ್ತು, ಅದೂ ಕಪ್ಪುಬಿಳುಪು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ನೂರಾರು ರೇಷ್ಮೆ ಸೀರೆಗಳನ್ನು ನಾನು ಕಪ್ಪುಬಿಳುಪಿನಲ್ಲೇ ನೋಡಿದ್ದೇನೆ. ನನ್ನ ಹೆಂಡತಿಯನ್ನೂ ಮೊದಲು ಕಂಡದ್ದು ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ, ಅದೇ ಕೊಳವೆಯ ಮೂಲಕ. ಅಂದು ಅವಳು ಉಟ್ಟ ಸೀರೆಯ ಬಣ್ಣ ಯಾವುದೆಂದು ಅವಳು ಈಗಲೂ ನನ್ನನ್ನು ಪರೀಕ್ಷೆ ಮಾಡುತ್ತಿರುತ್ತಾಳೆ. ನಾನು ಈಗಲೂ ಫೇಲಾಗುತ್ತಿದ್ದೇನೆ.

ಊಟದ ಪಂಕ್ತಿ ಎಂದೆನಲ್ಲ, ಅದರ ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮದುವೆಯ ವಿಡಿಯೋ ಪಾಸಾಗಬೇಕಾದರೆ ಉಂಡವರೆಲ್ಲ ಅದರಲ್ಲಿ ಕಾಣಬೇಕಿತ್ತು. ತಾಳಿ ಕಟ್ಟಿದ್ದು ಸ್ವಲ್ಪ ಅಲುಗಾಡಿದ್ದರೂ ನಡೆಯುತ್ತಿತ್ತು, ಪಂಕ್ತಿಯ ಕೊನೆಯ ಬಾಳೆಯ ಮುಂದೆ ಕೂತ ಭಾವ ತಪ್ಪಿಹೋದರೆ ನಡೆಯುತ್ತಿರಲಿಲ್ಲ. ಹಾಗಾಗಿ ಕ್ಯಾಮರಾ ಹೊತ್ತು ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ನಾನು ಹತ್ತಿರ ಬಂದ ಕೂಡಲೇ ಜನ ತುತ್ತನ್ನು ಅರ್ಧಕ್ಕೆ ನಿಲ್ಲಿಸಿ ಫೋಟೋಕ್ಕೆ ಕೂತಂತೆ ಕೂರುತ್ತಿದ್ದರು. ದಾಟಿ ಹೋದಮೇಲೆ ತುತ್ತು ಬಾಯಿಗೆ ಹೋಗುತ್ತಿತ್ತು. ಹೀಗೆ ನಾನು ಚಿತ್ರಿಸಿದ ಸಾವಿರಾರು ಊಟಗಳಲ್ಲಿ ಯಾರೂ ಊಟ ಮಾಡಿದ್ದಕ್ಕೆ ಸಾಕ್ಷಿಯಿಲ್ಲ.

ಇಂಥ ಕೆಲಸ ಹತ್ತು ವರ್ಷ ಮಾಡಿದರೆ ಯಾರಿಗಾದರೂ ಬೇಸರ ಬರುತ್ತದೆ. ನನಗೆ ಬೇಸರದ ಜೊತೆಗೆ ಜಂಬವೂ ಬಂತು. ಸಿನೆಮಾದಲ್ಲಿ ನಾಯಕಿಯ ಮುಖ ಮಾತ್ರ ಸ್ಪಷ್ಟವಾಗಿದ್ದು, ಹಿಂದಿನದೆಲ್ಲ ಕರಗಿದ ಬೆಣ್ಣೆಯಂತೆ ಮಸುಕಾಗಿರುತ್ತದಲ್ಲ, ನನಗೆ ಅದು ಬೇಕಾಗಿತ್ತು. ನಮ್ಮ ವಿಡಿಯೋ ಕ್ಯಾಮರಾ ಮದುಮಗಳ ಮೂಗುತಿಯಿಂದ ಹಿಡಿದು ಹಿಂದಿನ ಗೋಡೆಯ ಸುಣ್ಣದ ಚಕ್ಕೆಯವರೆಗೆ ಎಲ್ಲವನ್ನೂ ಒಂದೇ ಸಮ ಸ್ಪಷ್ಟವಾಗಿ ತೋರಿಸುತ್ತಿತ್ತು. ಎರಡು ಸಾವಿರದ ಮೊದಲ ಕೆಲವು ವರ್ಷಗಳಲ್ಲಿ ಶಿರಸಿಗೆ ಇಂಟರ್‌ನೆಟ್ಟಿನ ಅಂಗಡಿಗಳು ಬಂದವು. ಒಂದು ಮಧ್ಯಾಹ್ನ ಅಲ್ಲಿ ಕೂತು ಹುಡುಕುವಾಗ ಯಾವನೋ ಪರದೇಶದವನು ಬರೆದ ಪುಟ ಸಿಕ್ಕಿತು. ವಿಡಿಯೋ ಕ್ಯಾಮರಾದ ಮುಂದೆ ಒಂದು ಕೊಳವೆ, ಕೊಳವೆಯೊಳಗೆ ಉಜ್ಜಿ ಮಂಕು ಮಾಡಿದ ಗಾಜು, ಅದರ ಮುಂದೆ ಫೋಟೋ ಕ್ಯಾಮರಾದ ಹಳೆಯ ಲೆನ್ಸು. ಲೆನ್ಸು ಗಾಜಿನ ಮೇಲೆ ಚಿತ್ರ ಬೀಳಿಸುತ್ತದೆ, ವಿಡಿಯೋ ಕ್ಯಾಮರಾ ಆ ಗಾಜನ್ನು ಚಿತ್ರಿಸುತ್ತದೆ, ಹಿಂದಿನದೆಲ್ಲ ತಾನಾಗಿ ಮಸುಕಾಗುತ್ತದೆ. ಇದಕ್ಕೆ ಅಡಾಪ್ಟರ್ ಎಂದು ಹೆಸರು. ಪುಟವನ್ನು ಪ್ರಿಂಟ್ ಹಾಕಿಸಿ ಮಡಚಿ ಜೇಬಿಗಿಟ್ಟುಕೊಂಡು, ಮಡಿಕೆಯಲ್ಲಿ ಹರಿಯುವವರೆಗೆ ಓದಿದೆ.

ನನ್ನ ಅಡಾಪ್ಟರಿನ ಮೈ ನೀರಿನ ಪೈಪಿನದು. ಗಾಜು ದೇವರ ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯದು. ಅದನ್ನು ಮಂಕು ಮಾಡಲು ಗ್ಯಾರೇಜಿನಿಂದ ಇಂಜಿನ್ನಿನ ವಾಲ್ವು ಉಜ್ಜುವ ಪೇಸ್ಟು ತಂದು ಮೂರು ದಿನ ತಿಕ್ಕಿದೆ. “ಯೆಂತಾ ಮಾಡ್ತಾ ಇದ್ದೆ ತಮಾ, ಗಂಧ ತೇಯ್ತಾ ಇದ್ಯಾ?” ಎಂದು ಆಯಿ ಕೇಳಿದಳು. ಆಯಿ ಎಂದರೆ ನನ್ನ ತಾಯಿ. ಅಪ್ಪಯ್ಯ ತೀರಿಕೊಂಡಮೇಲೆ ನನ್ನ ಜೊತೆ ಶಿರಸಿಯ ಮನೆಯಲ್ಲೇ ಇದ್ದಳು. ನಾನು ಮಾಡುವ ಯಾವ ಹುಚ್ಚಾಟಕ್ಕೂ ಬೇಡ ಅಂದವಳಲ್ಲ, ಪಕ್ಕದಲ್ಲಿ ಕೂತು ಒಂದೆರಡು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದಳು.

ಎಲ್ಲ ಜೋಡಿಸಿ ಕಣ್ಣು ಒತ್ತಿದರೆ, ಅಂಗಳದ ದಾಸವಾಳ ಹೂವೊಂದೇ ಸ್ಪಷ್ಟ, ಹಿಂದೆ ಬೆಣ್ಣೆ. ಆದರೆ ದಾಸವಾಳದ ಗಿಡ ಆಕಾಶದಿಂದ ನೇತಾಡುತ್ತಿತ್ತು. ಲೆನ್ಸಿನಿಂದ ಬಿದ್ದ ಚಿತ್ರ ತಲೆಕೆಳಗಾಗಿಯೇ ಬೀಳುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಚಿಕ್ಕಂದಿನಲ್ಲಿ ನಾವು ಯಲ್ಲಾಪುರದ ಹೆದ್ದಾರಿಯ ಬದಿಯ ಬಾಡಿಗೆ ಕೋಣೆಯಲ್ಲಿದ್ದೆವು. ಅಪ್ಪಯ್ಯ ಕಟ್ಟಿಗೆ ಡಿಪೋದಲ್ಲಿ ಗುಮಾಸ್ತ. ಮಧ್ಯಾಹ್ನ ಬಾಗಿಲು ಹಾಕಿ ಮಲಗಿದರೆ, ಬಾಗಿಲಲ್ಲಿ ಮೊಳೆ ಕಿತ್ತ ತೂತಿನಿಂದ ಬೆಳಕು ಬಂದು ಎದುರಿನ ಗೋಡೆಯ ಮೇಲೆ ಮರದ ನಾಟಾ ತುಂಬಿದ ಲಾರಿಗಳು ತಲೆಕೆಳಗಾಗಿ ಓಡುತ್ತಿದ್ದವು. ನಾನು ಅವನ್ನು ನೆಟ್ಟಗೆ ನೋಡಲು ಮಂಚದಿಂದ ತಲೆ ಇಳಿಬಿಟ್ಟು ಮಲಗುತ್ತಿದ್ದೆ. ಹುಡುಗನಿಗೆ ಏನೋ ಆಗಿದೆ ಎಂದು ಆಯಿ ಗಾಬರಿಯಾಗಿ ತಾಯಿತ ಕಟ್ಟಿಸಿದಳು. ಎಷ್ಟೋ ದಿನ ತಾಯಿತ ಕಟ್ಟಿಕೊಂಡೇ ತಲೆ ಇಳಿಬಿಟ್ಟು ಲಾರಿ ನೋಡಿದ್ದೇನೆ.

ಮದುವೆ ಮನೆಯಲ್ಲಿ ತಲೆ ಇಳಿಬಿಡಲಾಗುವುದಿಲ್ಲವಲ್ಲ. ಕೊಳವೆಯಲ್ಲಿ ಮೇಲೆ ಕಂಡದ್ದು ಬೇಕೆಂದರೆ ಕ್ಯಾಮರಾ ಕೆಳಗೆ ಬಾಗಿಸಬೇಕು, ಎಡಕ್ಕೆ ಕಂಡದ್ದು ಬೇಕೆಂದರೆ ಬಲಕ್ಕೆ ತಿರುಗಬೇಕು. ಅಭ್ಯಾಸ ಮಾಡಲು ಮನೆಯಲ್ಲಿ ಓಡಾಡಿ ಎರಡು ಸಲ ತುಳಸಿಕಟ್ಟೆಗೆ ಮೊಣಕಾಲು ಹೊಡೆಸಿಕೊಂಡೆ. ಆ ಪರದೇಶದವನು ಇದಕ್ಕೂ ಉಪಾಯ ಬರೆದಿದ್ದ. ವ್ಯೂಫೈಂಡರನ್ನು ಬಿಚ್ಚಿ, ಒಳಗಿನ ಟ್ಯೂಬಿನ ಕತ್ತಿನ ಸುತ್ತ ಇರುವ ತಾಮ್ರದ ಸುರುಳಿಯನ್ನು ಅರ್ಧ ಸುತ್ತು ತಿರುಗಿಸಬೇಕು. ಆಗ ಚಿತ್ರವೂ ಅರ್ಧ ಸುತ್ತು ತಿರುಗಿ ನೆಟ್ಟಗಾಗುತ್ತದೆ. ನಾನು ಸ್ಕ್ರೂಡ್ರೈವರ್ ಹಿಡಿದು ಕೂತೆ, ಮತ್ತೆ ಕೆಳಗಿಟ್ಟೆ. ಆ ಕ್ಯಾಮರಾದ ಮೇಲೆ ನನ್ನ ಮನೆಯ ಅನ್ನವಿತ್ತು. ಮರುದಿನ ಅದನ್ನು ಸೀರೆಯಲ್ಲಿ ಸುತ್ತಿಕೊಂಡು ಯಲ್ಲಾಪುರದ ಬಸ್ಸು ಹತ್ತಿದೆ.

ಯಲ್ಲಾಪುರದಲ್ಲಿ ಬಸಣ್ಣ ಎಂಬ ಟೀವಿ ರಿಪೇರಿಯವನಿದ್ದ. ಊರು ಕಲಘಟಗಿಯ ಕಡೆ. ಲಾರಿಯ ಟಾಯರು ಪಂಕ್ಚರ್ ಹಾಕುವ ಅಂಗಡಿಯ ಪಕ್ಕ ಅವನ ಗೂಡು. ಒಳಗೆ ಬೆನ್ನು ಬಿಚ್ಚಿದ ಟೀವಿಗಳು ಸಾಲಾಗಿ ಕೂತಿರುತ್ತಿದ್ದವು. ನಾನು ಪ್ರಿಂಟಿನ ಹಾಳೆ ಕೊಟ್ಟೆ. ಅವನು ಅದನ್ನು ಓದದೆ ಮಡಚಿ ಬೆಸುಗೆ ಕಡ್ಡಿಯ ಕೆಳಗಿಟ್ಟ.

“ಬರ್ರಿ, ಕೂಡ್ರಿ. ಇದು ನಮ್ಮ ದೊಡ್ಡ ಟೀವಿ ಇದ್ದಂಗ ಐತ್ರಿ, ಮರಿ ಅಷ್ಟ. ಕೈ ತಪ್ಪಿ ಕುತ್ತಗಿ ಮುರೀತು ಅಂದ್ರ ಮುಗೀತ್ರಿ, ಮತ್ತ ಸಿಗಂಗಿಲ್ಲ. ಮಾಡ್ಲೇನು?”

ಮಾಡು ಎಂದೆ. ಹೇಳಿದವನು ಹೊರಗೆ ಹೋಗಿ ನಿಂತೆ. ಪಕ್ಕದವನು ಲಾರಿಯ ಚಕ್ರಕ್ಕೆ ಸುತ್ತಿಗೆಯಿಂದ ಬಡಿದಾಗಲೆಲ್ಲ ನನ್ನ ಎದೆಗೇ ಬಡಿದಂತಾಗುತ್ತಿತ್ತು. ಅರ್ಧ ಗಂಟೆಯಾದಮೇಲೆ ಬಸಣ್ಣ ಕರೆದ. ಕಣ್ಣು ಒತ್ತಿ ನೋಡಿದರೆ ಪಂಕ್ಚರ್ ಅಂಗಡಿಯವನು ನೆಲದ ಮೇಲೆ ಕಾಲೂರಿ ನಿಂತಿದ್ದಾನೆ, ಅವನ ಹಿಂದಿನ ಲಾರಿ ಬೆಣ್ಣೆಯಾಗಿ ಕರಗಿದೆ. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂದು ರಬ್ಬರಿನ ಬಟ್ಟಲು ಒದ್ದೆಯಾಯಿತು. ಬಸಣ್ಣ ಬುದ್ಧಿವಂತ. ಅಡಾಪ್ಟರ್ ತೆಗೆದಾಗ ಸುರುಳಿಯನ್ನು ಮತ್ತೆ ಮೊದಲಿನಂತೆ ತಿರುಗಿಸಲು ಬರಲೆಂದು ಮುಚ್ಚಳದಲ್ಲಿ ಒಂದು ಸೀಳು ಬಿಟ್ಟು, ತನ್ನ ಹೆಂಡತಿಯ ಉಗುರುಬಣ್ಣದಿಂದ ಎರಡು ಚುಕ್ಕೆ ಇಟ್ಟಿದ್ದ.

“ಒಂದು ಮಾತು ನೆನಪಿಟ್ಕೋರಿ ಸರ. ನಿಮ್ಮ ಕಣ್ಣಿಗಷ್ಟ ಸೀದಾ ಮಾಡೇನಿ. ಟೇಪಿಗೆ ಹೋಗೂದು ಇನ್ನೂ ಉಲ್ಟಾನ ಐತಿ.”

ಅದು ನನಗೆ ಗೊತ್ತಿತ್ತು. ಟೇಪನ್ನು ಆಮೇಲೆ ಕಂಪ್ಯೂಟರಿಗೆ ಹಾಕಿ ತಿರುಗಿಸಿದರಾಯಿತು. ತಲೆಯಾಡಿಸಿ ಬಸ್ಸು ಹತ್ತಿದೆ.

ನನ್ನ ಬೆಣ್ಣೆಯ ಮೊದಲ ಗಿರಾಕಿ ಯಲ್ಲಾಪುರದ ಹತ್ತಿರದ ಒಂದು ಮದುವೆ. ಕ್ಯಾಸೆಟ್ಟು ಕೊಟ್ಟ ಎರಡನೇ ದಿನವೇ ಮದುಮಗನ ಅಪ್ಪ ನನ್ನ ಮನೆಯ ಮುಂಗೋಣೆಯ ಸ್ಟುಡಿಯೋಕ್ಕೆ ಬಂದರು. “ನಿನ್ನ ಕ್ಯಾಮರಾಕ್ಕೆ ಪೊರೆ ಬೈಂದಾ? ಕೂಸಿನ ಹಿಂದೆ ನಿಂತ ಯಮ್ಮ ಭಾವನ ಮುಖವೇ ಕಾಣ್ತಿಲ್ಲೆ. ಆನೇ ಬೇಕು ಹೇಳಿ ಮಸುಕು ಮಾಡ್ಸಿದ್ದು ಹೇಳಿ ಅಂವ ಹೇಳ್ತಾ ಇದ್ದ!” ಕೂಸು ಎಂದರೆ ನಮ್ಮ ಮಾತಿನಲ್ಲಿ ಹುಡುಗಿ, ಮದುಮಗಳು. ಆ ಭಾವನಿಗೂ ಅವರಿಗೂ ಏನೋ ಹಳೆಯ ಮನಸ್ತಾಪ ಬೇರೆ ಇತ್ತಂತೆ. ನಾನು ಕಲೆಯ ಬಗ್ಗೆ ಎರಡು ಮಾತು ಹೇಳಿದೆ. ಅವರು ಕೇಳಿದರು, ಕೇಳಿ ಭಾವನ ಮುಖ ಸ್ಪಷ್ಟವಿರುವ ಫೋಟೋ ಒಂದನ್ನು ಮೇಜಿನ ಮೇಲಿಟ್ಟು ಇದನ್ನು ನಡುವೆ ಸೇರಿಸು ಎಂದು ಹೇಳಿ ಹೋದರು. ಸೇರಿಸಿದೆ, ತಾವರೆ ಅರಳಿ ಒಳಗಿನಿಂದ ಭಾವ ಮೂಡುವ ಹಾಗೆ.

ಇಷ್ಟಾದರೂ ನಾನು ಅಡಾಪ್ಟರನ್ನು ಬಿಡಲಿಲ್ಲ. ಎಲ್ಲ ಕಡೆ ಮಾಮೂಲಿನಂತೆ ಚಿತ್ರಿಸಿ, ಧಾರೆ ಎರೆಯುವ ಹೊತ್ತಿಗೆ ಮಾತ್ರ ಹತ್ತು ನಿಮಿಷ ಅದನ್ನು ಸಿಕ್ಕಿಸುವುದೆಂದು ನಿಶ್ಚಯ ಮಾಡಿಕೊಂಡೆ. ಆ ಹೊತ್ತಿನಲ್ಲೇ ಹೇರೂರಿನ ಸುಮಾಳ ಮದುವೆ ಬಂತು.

ವಿಡಿಯೋ ಗೊತ್ತುಮಾಡಲು ಸುಮಾಳ ಜೊತೆ ಅವಳ ಚಿಕ್ಕಪ್ಪ ಶ್ರೀಪಾದ ಬಂದಿದ್ದರು. ಹುಡುಗಿಗೆ ಆರು ವರ್ಷವಿರುವಾಗ ಅವಳ ಅಪ್ಪ ಹೋದರು. ಅಂದಿನಿಂದ ಅಣ್ಣನ ಮಗಳನ್ನು ಸ್ವಂತ ಮಗಳ ಹಾಗೆ ಸಾಕಿ ಓದಿಸಿದವರು ಈ ಶ್ರೀಪಾದ. ಒಳ್ಳೆಯ ಮನುಷ್ಯ, ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ದಿನ, ಸಮಯ, ಸಿದ್ದಾಪುರದ ಸಭಾಭವನ ಎಲ್ಲ ಬರೆಸಿ ಅವರು ಸ್ಕೂಟರು ತಿರುಗಿಸಲು ಹೊರಗೆ ಹೋದರು. ಸುಮಾ ಬಾಗಿಲಲ್ಲೇ ನಿಂತಳು.

“ಅಣ್ಣಾ, ಒಂದು ಕೇಳಲಕ್ಕಾ? ಧಾರೆ ಹೊತ್ತಿಗೆ ಯನ್ನ ಆಯಿ ಉಗ್ರಾಣದಲ್ಲೇ ಇರ್ತು. ಅದಕ್ಕೆ ಅಲ್ಲೇ ಕಾಣೋ ಹಂಗೆ ಎಂತಾದ್ರೂ ಮಾಡಲಾಗ್ತಾ? ಆನು ಕರೆದ್ರೆ ಬತ್ತಿಲ್ಲೆ ಅದು.”

ಉಗ್ರಾಣವೆಂದರೆ ಮದುವೆಯ ತೆಂಗಿನಕಾಯಿ, ಬೆಲ್ಲ, ಅಕ್ಕಿ, ಬಾಳೆಲೆ ಇಡುವ ಕೋಣೆ. ಗಂಡ ಸತ್ತ ಹೆಂಗಸು ಮಂಟಪದ ಹತ್ತಿರ ಬರಬಾರದು ಎಂದು ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಾವು ಬಹಳ ನಯವಾದ ಜನ. “ಉಗ್ರಾಣ ನೋಡಿಕೊಳ್ಳಲು ನಂಬಿಕೆಯವರು ಒಬ್ಬರು ಬೇಕಲ್ಲ” ಎನ್ನುತ್ತೇವೆ. ಆ ನಂಬಿಕೆಯವರು ಯಾವಾಗಲೂ ಮನೆಯ ವಿಧವೆಯೇ ಆಗಿರುತ್ತಾರೆ. ಮುಹೂರ್ತ ಮುಗಿಯುವವರೆಗೆ ಅವರು ಕಾಯಿ ಎಣಿಸುತ್ತ ಒಳಗಿರುತ್ತಾರೆ, ಹೆತ್ತವಳಾದರೂ ಅಷ್ಟೇ. ಧಾರೆಯನ್ನು ಚಿಕ್ಕಪ್ಪ ಚಿಕ್ಕಮ್ಮ ಎರೆಯುತ್ತಾರೆ.

ಸುಮಾ ಕೇಳಿದಾಗ ನಾನು ಕೂಡಲೇ ಹೂಂ ಎಂದೆ. ಅದಕ್ಕೊಂದು ಕಾರಣವಿದೆ. ಅಪ್ಪಯ್ಯ ತೀರಿಕೊಂಡಮೇಲೆ, ತೊಂಬತ್ತರ ದಶಕದಲ್ಲಿ ನನ್ನ ತಂಗಿಯ ಮದುವೆಯನ್ನು ನಾನೇ ಚಿತ್ರಿಸಿದ್ದೆ. ಹೊಸ ಕ್ಯಾಮರಾ, ಹೊಸ ಉಮೇದು. ಮೂರು ಗಂಟೆಯ ಕ್ಯಾಸೆಟ್ಟು. ಎಷ್ಟೋ ತಿಂಗಳ ನಂತರ ತಂಗಿ ತವರಿಗೆ ಬಂದಾಗ ಎಲ್ಲರೂ ಕೂತು ನೋಡಿದೆವು. ಮುಗಿದಮೇಲೆ ತಂಗಿ, “ಆಯಿ, ಎಲ್ಲಿದ್ದೇ ಇದರಲ್ಲಿ?” ಎಂದಳು. ಹಿಂದೆ ಮುಂದೆ ಓಡಿಸಿ ಹುಡುಕಿದೆವು. ಒಂದೇ ಒಂದು ಕಡೆ ಸಿಕ್ಕಿತು. ಉಗ್ರಾಣದ ಬಾಗಿಲಿನಿಂದ ಒಂದು ಕೈ ಹೊರಬಂದು ಎರಡು ತೆಂಗಿನಕಾಯಿ ಕೊಡುತ್ತದೆ, ಮರುಕ್ಷಣ ಕ್ಯಾಮರಾ ವಾದ್ಯದವರ ಕಡೆ ತಿರುಗುತ್ತದೆ. ಪಂಕ್ತಿಯ ಕೊನೆಯ ಭಾವನನ್ನೂ ಬಿಡದೆ ಹಿಡಿದವನು ಹೆತ್ತ ತಾಯಿಯನ್ನು ಬಿಟ್ಟಿದ್ದೆ. ಬಿಟ್ಟೆನೆಂದು ನನಗೆ ಅನ್ನಿಸಿರಲೇ ಇಲ್ಲ. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಸುಮಾಳ ವಿಷಯವನ್ನು ಆಯಿಗೆ ಹೇಳಿದೆ. ಕ್ಯಾಮರಾದಿಂದ ಉಗ್ರಾಣದವರೆಗೆ ವೈರು ಎಳೆದು ಒಂದು ಟೀವಿ ಇಡುತ್ತೇನೆ, ಅವಳ ತಾಯಿ ಸರೋಜಕ್ಕ ಅಲ್ಲಿಂದಲೇ ಧಾರೆ ನೋಡಬಹುದು ಎಂದೆ. ಆಯಿ ಬೀನ್ಸಿನ ನಾರು ತೆಗೆಯುತ್ತಿದ್ದಳು.

“ಟೀವಿ ದೊಡ್ಡದಾ, ಸಣ್ಣದಾ?”

“ಹದಿನಾಲ್ಕು ಇಂಚು.”

“ಕೂಸಿನ ಮುಖ ಕಾಣ್ತಾ ಅದರಲ್ಲಿ?”

ಕಾಣ್ತು ಎಂದೆ. ಅವಳು ಮುಂದಿನ ಬೀನ್ಸಿಗೆ ಕೈಹಾಕಿದಳು.

ಮದುವೆಯ ಹಿಂದಿನ ಸಂಜೆಯೇ ಸಿದ್ದಾಪುರಕ್ಕೆ ಹೋಗಿ ವೈರು ಎಳೆದೆ. ಸಭಾಭವನದ ಮಂಟಪದಿಂದ ಅಡಿಗೆಮನೆಯ ಪಕ್ಕದ ಉಗ್ರಾಣದವರೆಗೆ ಗೋಡೆಯ ಬುಡಕ್ಕೆ ಮೂವತ್ತು ಮೀಟರ್ ವೈರು, ಅಕ್ಕಿಮೂಟೆಯ ಮೇಲೆ ಸ್ಟುಡಿಯೋದ ಟೀವಿ. ಪರೀಕ್ಷೆಗೆಂದು ಮಂಟಪದ ಕಂಬವನ್ನು ತೋರಿಸಿದೆ. ಉಗ್ರಾಣದಲ್ಲಿ ಕಂಬ ನೆಟ್ಟಗೆ, ಬಣ್ಣದಲ್ಲಿ ಕಂಡಿತು. ಸರೋಜಕ್ಕ ಒಳಗೆ ಬೆಲ್ಲದ ಅಚ್ಚುಗಳನ್ನು ಜೋಡಿಸುತ್ತಿದ್ದರು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಸೆರಗಿನಿಂದ ಟೀವಿಯ ಗಾಜು ಒರೆಸಿ, “ನಾಳೆ ಇಲ್ಲೇ ಕೂತ್ಕತ್ತೆ” ಎಂದು ಒಂದು ಮಣೆಯನ್ನು ಅದರ ಎದುರಿಗೆ ಎಳೆದಿಟ್ಟರು.

ಮರುದಿನ ಬೆಳಿಗ್ಗೆ ಒಳ್ಳೆಯ ಬಿಸಿಲು. ಮಂಟಪದ ಮೇಲೆ ಕಿಟಕಿಯಿಂದ ಎಂಥ ಬೆಳಕು ಬಿದ್ದಿತ್ತೆಂದರೆ ನನ್ನ ಮಂಕು ಗಾಜಿಗೆ ಹೇಳಿ ಮಾಡಿಸಿದಂತಿತ್ತು. ಧಾರೆಗೆ ಕಾಲು ಗಂಟೆಯಿರುವಾಗ ಅಡಾಪ್ಟರ್ ತೆಗೆದು ಕ್ಯಾಮರಾದ ಮುಂದೆ ನಾಲ್ಕು ಸ್ಕ್ರೂ ಬಿಗಿದೆ. ಉಗುರುಬಣ್ಣದ ಚುಕ್ಕೆ ನೋಡಿ ಸುರುಳಿ ತಿರುಗಿಸಿದೆ. ವ್ಯೂಫೈಂಡರಿಗೆ ಕಣ್ಣಿಟ್ಟರೆ ಸುಮಾಳ ಮುಖ, ಬಾಸಿಂಗ, ಹಿಂದೆ ಬೆಣ್ಣೆ. ಹತ್ತು ವರ್ಷದಲ್ಲಿ ಅಂಥ ಚಿತ್ರ ನಾನು ನೋಡಿರಲಿಲ್ಲ. ವೈರಿನ ಪಿನ್ನು ಕ್ಯಾಮರಾಕ್ಕೆ ಸಿಕ್ಕಿಸಿ, ಯಾರಾದರೂ ಎಡವಿ ಕಿತ್ತುಕೊಳ್ಳದಿರಲಿ ಎಂದು ವೈರನ್ನು ಸೊಂಟಕ್ಕೆ ಒಂದು ಸುತ್ತು ಕಟ್ಟಿಕೊಂಡೆ.

ಭಟ್ಟರು ಮದುಮಕ್ಕಳ ನಡುವೆ ಅಂತಃಪಟ ಹಿಡಿಸಿ ಮಂಗಲಾಷ್ಟಕ ಸುರುಮಾಡಿದ್ದರು. ಅಷ್ಟರಲ್ಲಿ ಯಾರೋ ನನ್ನ ಅಂಗಿ ಎಳೆದರು. ಸರೋಜಕ್ಕನ ಜೊತೆ ಉಗ್ರಾಣದ ಕೆಲಸಕ್ಕಿದ್ದ ಮಾದೇವಿ.

“ಹೆಗಡೇರೆ, ಟೀವಿಲಿ ಎಲ್ಲಾ ಉಲ್ಟಾ ಕಾಣ್ತದೆ! ಮದುಮಗ್ಳು, ಭಟ್ರು ಎಲ್ಲಾ ಬಾವಲಿ ನೇತಾಡ್ದಂಗೆ ನೇತಾಡ್ತಾವ್ರೆ. ಅಮ್ಮ ಹಂಗೇ ನೋಡ್ತಾ ಕೂತವ್ರೆ.”

ಹಿಂದಿನ ಸಂಜೆ ಪರೀಕ್ಷೆ ಮಾಡಿದಾಗ ಅಡಾಪ್ಟರ್ ಸಿಕ್ಕಿಸಿರಲಿಲ್ಲ. ಟೇಪಿಗೆ ಹೋಗುವುದೇ ಟೀವಿಗೂ ಹೋಗುತ್ತದೆ. ಟೇಪನ್ನು ನಾಳೆ ತಿರುಗಿಸಬಹುದು, ಉಗ್ರಾಣದಲ್ಲಿ ಕೂತವರಿಗೆ ನಾಳೆ ಇಲ್ಲ. ಬಸಣ್ಣ ಹೇಳಿದ್ದು ನೆನಪಾಯಿತು. ನನ್ನ ಕಣ್ಣಿಗೆ ಎಲ್ಲ ನೆಟ್ಟಗೆ ಕಾಣುತ್ತಿದ್ದದ್ದರಿಂದ ಬೇರೆಯವರಿಗೆ ಹೇಗೆ ಕಾಣುತ್ತದೆಂದು ನಾನು ಯೋಚಿಸಿರಲೇ ಇಲ್ಲ. ತಂಗಿಯ ಮದುವೆಯಲ್ಲಿ ಮಾಡಿದ್ದನ್ನೇ ಮತ್ತೆ ಮಾಡಿದ್ದೆ.

ಅಡಾಪ್ಟರ್ ಬಿಚ್ಚಲು ಹೋದೆ. ಒಂದು ಸ್ಕ್ರೂ ಬಂತು, ಎರಡನೆಯದು ಅವಸರಕ್ಕೆ ತಲೆ ಸವೆದು ಸುಮ್ಮನೆ ಸುತ್ತತೊಡಗಿತು. ಕ್ಯಾಮರಾವನ್ನೇ ತಲೆಕೆಳಗು ಹಿಡಿಯೋಣವೆಂದು ಎತ್ತಿದೆ, ಅಷ್ಟು ಭಾರದ್ದು ಮಗುಚಿ ಹಿಡಿದರೆ ನಿಲ್ಲುತ್ತಿರಲಿಲ್ಲ. ಮಂಗಲಾಷ್ಟಕದ ಎಂಟು ಶ್ಲೋಕಗಳಲ್ಲಿ ನಾಲ್ಕನೆಯದು ಮುಗಿದು ಐದನೆಯದು ಸುರುವಾಯಿತು. “ಟೀವಿನೇ ಮಗುಚಿ ಇಡ್ರೆ ಮಾರಾಯ್ತಿ!” ಎಂದೆ ಮಾದೇವಿಗೆ. ಅವಳು ಓಡಿದಳು.

ಆಮೇಲೆ ಉಗ್ರಾಣದಲ್ಲಿ ಆದದ್ದನ್ನು ಮಾದೇವಿಯೇ ನನಗೆ ಊಟದ ಹೊತ್ತಿಗೆ ಹೇಳಿದಳು. ಅವಳೂ ಸರೋಜಕ್ಕನೂ ಸೇರಿ ಟೀವಿಯನ್ನು ಎತ್ತಿ, ತಲೆಕೆಳಗು ಮಾಡಿ ಅಕ್ಕಿಮೂಟೆಯ ಮೇಲೆ ಇಟ್ಟರಂತೆ. ಒಂದು ಗಳಿಗೆ ಸುಮಾ ನೆಟ್ಟಗೆ ಕಂಡಳಂತೆ. ಮೂಟೆ ಜಾರಿತು, ಟೀವಿ ವಾಲಿತು, ಇಬ್ಬರೂ ಅದನ್ನು ಹಿಡಿದುಕೊಳ್ಳುವಾಗ ವೈರು ಜಗ್ಗಿತು. ನನ್ನ ಕಡೆ ಸೊಂಟಕ್ಕೆ ಯಾರೋ ಹಗ್ಗ ಹಾಕಿ ಎಳೆದಂತಾಗಿ ಗಂಟು ಬಿಚ್ಚಿತು, ಪಿನ್ನು ಕ್ಯಾಮರಾದಿಂದ ಕಳಚಿ ನೆಲಕ್ಕೆ ಬಿತ್ತು. ಅಲ್ಲಿ ಟೀವಿಯ ಮೇಲೆ ಬರೀ ನೀಲಿ.

ಬಗ್ಗಿ ಪಿನ್ನು ಹೆಕ್ಕಿಕೊಳ್ಳಲೂ ಹೊತ್ತಿರಲಿಲ್ಲ. ಏಳನೆಯದು ನಡೆಯುತ್ತಿತ್ತು, ಅಂತಃಪಟ ಈಗಲೋ ಇನ್ನೊಂದು ಕ್ಷಣಕ್ಕೋ ಸರಿಯುತ್ತಿತ್ತು. ಒಬ್ಬ ತಾಯಿಗೆ ತೋರಿಸುತ್ತೇನೆಂದು ಮಾತು ಕೊಟ್ಟು ತೋರಿಸದೆ ಹೋದೆನಲ್ಲ ಎಂದುಕೊಂಡು ವ್ಯೂಫೈಂಡರಿಗೆ ಕಣ್ಣು ಒತ್ತಿ ನಿಂತೆ. ನೆಲದ ಮೇಲೆ ವೈರು ಸರಸರ ಸರಿಯುವುದು ಕಾಲಿಗೆ ತಾಗಿತು. ಪಕ್ಕಕ್ಕೆ ನೋಡಿದರೆ ಸರೋಜಕ್ಕ. ಗೋಡೆಯ ಬುಡದಿಂದ ಮೂವತ್ತು ಮೀಟರ್ ವೈರನ್ನು ಮೊಣಕೈಗೆ ಸುತ್ತಿಕೊಳ್ಳುತ್ತ ಬಂದಿದ್ದರು. ಕೊನೆಯ ತುದಿಯನ್ನೂ ಸುತ್ತಿ, ಸುರುಳಿಯನ್ನು ನನ್ನ ತೋಳಿಗೆ ನೇತುಹಾಕಿದರು.

“ತಗ ತಮಾ, ನಿನ್ನ ವೈರು.”

ಅಲ್ಲಿಂದ ಅವರು ಕದಲಲಿಲ್ಲ. ಧಾರೆ ಎರೆಯಲು ಮಂಟಪದಲ್ಲಿ ಕೂತಿದ್ದ ಶ್ರೀಪಾದರು ನೋಡಿದರು. ಅವರು ಗದರಿಸುವವರಲ್ಲ. ಎಂದಿನ ನಯದಲ್ಲೇ, ತಗ್ಗಿದ ದನಿಯಲ್ಲಿ ಕೇಳಿದರು.

“ಅತ್ತಿಗೆ, ಉಗ್ರಾಣದಲ್ಲಿ ಯಾರಿದ್ದ?”

“ಬೀಗ ಹಾಕಿಕ್ಕೇ ಬಂದೆ” ಎಂದರು ಸರೋಜಕ್ಕ.

ಶ್ರೀಪಾದರು ಧಾರೆಯ ಪಾತ್ರೆಯ ಕಡೆ ತಿರುಗಿದರು. ಭಟ್ಟರು ಒಮ್ಮೆ ಕಣ್ಣೆತ್ತಿ ನೋಡಿ, ಮಂತ್ರ ತಪ್ಪಿಸದೆ ಮುಂದುವರಿಸಿದರು. ಅಂತಃಪಟ ಸರಿಯಿತು. ಆ ಚಿತ್ರ ನನ್ನ ಹತ್ತಿರ ಈಗಲೂ ಇದೆ. ಅದರಲ್ಲಿ ಸುಮಾ ಎದುರಿಗೆ ನಿಂತ ಹುಡುಗನನ್ನು ನೋಡುವುದಿಲ್ಲ, ಕ್ಯಾಮರಾದ ಸ್ವಲ್ಪ ಎಡಕ್ಕೆ ನೋಡಿ ನಗುತ್ತಾಳೆ, ಆಮೇಲೆ ಅಳುತ್ತಾಳೆ. ಕೂಸು ಏನು ನೋಡುತ್ತಿದೆ ಎಂದು ಆ ಮದುವೆಗೆ ಬಾರದವರೆಲ್ಲ ಕೇಳುತ್ತಾರೆ.

ಕ್ಯಾಮರಾದ ಮೈಕು ಸರೋಜಕ್ಕನ ಬಾಯಿಂದ ಒಂದು ಗೇಣು ದೂರದಲ್ಲಿತ್ತು. ಹಾಗಾಗಿ ಮಂಗಲಾಷ್ಟಕಕ್ಕಿಂತ ಅವರ ಮಾತೇ ಟೇಪಿನಲ್ಲಿ ಗಟ್ಟಿಯಾಗಿ ಬಂದಿತ್ತು. ಬೀಗದ ಮಾತು ಟೇಪಿಗೆ ಬಿದ್ದಿರಬೇಕೆಂದು ಊಹಿಸಿ ಶ್ರೀಪಾದರು ಫೋನು ಮಾಡಿದರು. “ಅತ್ತಿಗೆ ಬಂದಿದ್ದು ಯಂಗೂ ಖುಷಿಯೇ. ಆದರೆ ಆ ಮಾತು ನೆಂಟ್ರ ಮನೆಯವೆಲ್ಲ ಕೇಳ್ತ. ಅದರ ಮೇಲೆ ವಾದ್ಯ ಹಾಕಿಬಿಡು.” ಬೇಡದ ಮಾತಿನ ಮೇಲೆ ವಾದ್ಯ ಹಾಕುವುದು ನಮ್ಮ ಕಸುಬಿನಲ್ಲಿ ದಿನದ ಕೆಲಸ. ಊಟ ಸಾಲದೆ ಗೊಣಗಿದವರ ಮೇಲೆ, ವರದಕ್ಷಿಣೆಯ ಪಿಸುಮಾತಿನ ಮೇಲೆ, ಎಷ್ಟೋ ಅಳುವಿನ ಮೇಲೆ ನಾನು ಅದೇ ಒಂದು ನಾಗಸ್ವರವನ್ನು ಹಾಕಿದ್ದೇನೆ. ಆಗಲಿ ಎಂದು ಫೋನು ಇಟ್ಟೆ.

ಕಂಪ್ಯೂಟರಿನಲ್ಲಿ ಚಿತ್ರ ತಿರುಗಿಸಿ ನೆಟ್ಟಗೆ ಮಾಡಿ ಆ ಜಾಗಕ್ಕೆ ಬಂದಾಗ ಆಯಿ ಹಿಂದೆ ಬಂದು ನಿಂತಿದ್ದಳು.

“ಅದೆಂತ ಹೇಳಿದ್ದು ಅದು? ಇನ್ನೊಂದ್ಸಲ ಹಾಕು.”

ಹಾಕಿದೆ. ಮತ್ತೊಂದು ಸಲ ಎಂದಳು. ಮೂರು ಸಲ ಕೇಳಿದಳು.

“ಶ್ರೀಪಾದ ಇದರ ಮೇಲೆ ವಾದ್ಯ ಹಾಕು ಹೇಳಿದ್ದ ಆಯಿ” ಎಂದೆ.

“ಹಾಕಡ, ಹಂಗೇ ಇರಲಿ” ಎಂದಳು. ಒಳಗೆ ಹೋಗಲು ಎರಡು ಹೆಜ್ಜೆ ಇಟ್ಟವಳು ಬಾಗಿಲಲ್ಲಿ ನಿಂತು, ನನಗೆ ಹೇಳುವಂತೆಯೂ ಅಲ್ಲದೆ, ತನಗೇ ಎನ್ನುವಂತೆಯೂ ಅಲ್ಲದೆ ಹೇಳಿದಳು.

“ಯಂಗೆ ನಿನ್ನ ತಂಗಿ ಮದುವೆ ದಿನ ಬೀಗದ ನೆನಪೇ ಆಜಿಲ್ಲೆ.”